64ಕ್ಕೆ 20 ಕೂಡಿಸಿದರೆ 84 ಯಾಕಾಗಲಿಲ್ಲ?

ಪ್ರಶ್ನೆ: ಸರ್, ನಾನೂ ನನ್ನ ರೂಮ್‌ಮೇಟೂ ಒಂದೇ ಸರ್ವರ್‌ನಲ್ಲಿ ಟ್ರೇವಿಯನ್ ಅನ್ನೋ ಆನ್‌ಲೈನ್ ಯುದ್ಧದ ಆಟ ಆಡ್ತೀವಿ. ಅಲಯನ್ಸ್ (ಆಟಗಾರರ ಕೂಟ) ಮಾತ್ರ ಬೇರೆ ಬೇರೆ. ಆಟದ ಬುಡಕಟ್ಟುಗಳಲ್ಲಿ ನಾನು ಟ್ಯೂಟನ್, ಅವನು ಗಾಲ್. ಅವನ ಒಂದು ಹಳ್ಳಿಯಲ್ಲಿ 300 ಫ್ಯಾಲಂಕ್ಸ್ (ಗಾಲ್‌ಗಳ ಕಾಲಾಳು), 20ನೇ ಲೆವೆಲ್ ಪ್ಯಾಲಿಸೇಡ್ (ಗಾಲ್‌ಗಳ ಗೋಡೆ), ಡಿಫೆನ್ಸ್ ಬೋನಸ್‌ಗೆ ಪೂರ್ತಿ 100 ಪಾಯಿಂಟ್ ಹಾಕಿದ ಹೀರೊ ಇದ್ದಾನೆ ಅಂತ ಅವನೇ ಹೇಳಿದ್ದ. ಗೋಡೆಗೆ ಶೇ. 64, ಹೀರೊಗೆ ಶೇ. 20, ಒಟ್ಟು ಶೇ. 84 ಅಂತ ಲೆಕ್ಕ ಹಾಕಿದೆ. ಫ್ಯಾಲಂಕ್ಸ್‌ಗಳ 12,000ಕ್ಕೆ ಶೇ. 84 ಸೇರಿಸಿದರೆ 22,080. ನಾನು 575 ಕ್ಲಬ್‌ಸ್ವಿಂಗರ್ (ನಮ್ಮ ಕಾಲಾಳು) ಕಳಿಸಿದೆ, ಅಂದರೆ ದಾಳಿಯ ಬಲ 23,000. ಗೆಲ್ಲಬೇಕಿತ್ತು. ಒಬ್ಬನೂ ವಾಪಸ್ ಬರಲಿಲ್ಲ. ಅವನ ಕಡೆ 14 ಫ್ಯಾಲಂಕ್ಸ್ ಉಳಿದಿವೆ, ರಿಪೋರ್ಟ್ ತೋರಿಸಿದ. ಇಬ್ಬರ ಜನಸಂಖ್ಯೆಯೂ ಹೆಚ್ಚುಕಮ್ಮಿ ಒಂದೇ. ಸೈನಿಕರ ಬಲ ಏರಿಸುವ ಸ್ಮಿಥಿಯಲ್ಲಿ ಇಬ್ಬರೂ ಏನೂ ಮಾಡಿಸಿಲ್ಲ. ನನ್ನ ಲೆಕ್ಕ ಎಲ್ಲಿ ತಪ್ಪಿತು?

ಉತ್ತರ: ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಸೋತಿದ್ದಕ್ಕಲ್ಲ, ಕಳಿಸುವ ಮೊದಲು ಕೂತು ಲೆಕ್ಕ ಹಾಕಿದ್ದೀರಲ್ಲ, ಅದಕ್ಕೆ. ಲೆಕ್ಕದ ಅಂಕಿಗಳೂ ಸರಿಯಾಗಿವೆ. ಒಂದು ಫ್ಯಾಲಂಕ್ಸ್‌ಗೆ ಕಾಲಾಳುಗಳ ಎದುರು ರಕ್ಷಣೆ 40. 300ಕ್ಕೆ 12,000. ಒಬ್ಬ ಕ್ಲಬ್‌ಸ್ವಿಂಗರ್‌ನ ದಾಳಿ 40. 575ಕ್ಕೆ 23,000. ಗೋಡೆಯ ಶೇ. 64 ಸರಿ, ಹೀರೊನ ಶೇ. 20 ಕೂಡ ಸರಿ. ತಪ್ಪಿದ್ದು ಒಂದೇ ಕಡೆ, 64ಕ್ಕೂ 20ಕ್ಕೂ ನಡುವೆ ನೀವು ಹಾಕಿದ ಕೂಡಿಸುವ ಚಿಹ್ನೆಯಲ್ಲಿ.

ನಾನು ದಿನವೂ ಪಿಯುಸಿ ಮಕ್ಕಳಿಗೆ ಲೆಕ್ಕಶಾಸ್ತ್ರ ಹೇಳಿಕೊಡುವವನು. ಪರ್ಸೆಂಟ್ ಅಂತ ಯಾರು ಹೇಳಿದರೂ ನಾನು ಮೊದಲು ಕೇಳುವುದು ಒಂದೇ: ಯಾವುದರ ಮೇಲೆ? ಸೀರೆ ಅಂಗಡಿಯ ಮುಂದೆ ‘ಶೇ. 50 + ಶೇ. 20 ರಿಯಾಯಿತಿ’ ಅಂತ ಬೋರ್ಡು ಹಾಕಿರುತ್ತಾರೆ, ನೋಡಿರುತ್ತೀರಿ. 1,000 ರೂಪಾಯಿಯ ಸೀರೆ 300ಕ್ಕೆ ಸಿಗುತ್ತದೆ ಅಂದುಕೊಂಡು ಒಳಗೆ ಹೋಗುತ್ತೇವೆ. ಬಿಲ್ಲು 400 ಬರುತ್ತದೆ. ಯಾಕೆಂದರೆ ಎರಡನೆಯ ಶೇ. 20 ಕಳೆದದ್ದು 1,000ದಿಂದಲ್ಲ, ಉಳಿದ 500ರಿಂದ. ಅಂಗಡಿಯವರು ಮೋಸ ಮಾಡಿಲ್ಲ. ನಾವು ‘ಯಾವುದರ ಮೇಲೆ’ ಅಂತ ಕೇಳಿರಲಿಲ್ಲ, ಅಷ್ಟೆ.

ನಿಮ್ಮ ಯುದ್ಧದಲ್ಲಿ ಆಗಿದ್ದೂ ಇದೇ, ಆದರೆ ಮೇಲ್ಮುಖವಾಗಿ. ಹೀರೊನ ಶೇ. 20 ಸೇರುವುದು ಸೈನ್ಯದ ಬಲಕ್ಕೆ. 12,000 ಇದ್ದದ್ದು 14,400 ಆಗುತ್ತದೆ. ಗೋಡೆಯ ಶೇ. 64 ಬರುವುದು ಅದಾದ ಮೇಲೆ, ಈ 14,400ರ ಮೇಲೆ. 14,400ನ್ನು 1.6386ರಿಂದ ಗುಣಿಸಿ, ಸುಮಾರು 23,596 ಬರುತ್ತದೆ. ನೀವು ಕಳಿಸಿದ್ದು 23,000. ಸೋಲು ಅಲ್ಲಿಗೇ ತೀರ್ಮಾನವಾಗಿತ್ತು. ಎರಡೂ ಬೋನಸ್ ಸೇರಿ ಶೇ. 84 ಅಲ್ಲ, ಸುಮಾರು ಶೇ. 96.6.

14 ಫ್ಯಾಲಂಕ್ಸ್ ಉಳಿದದ್ದಕ್ಕೂ ಲೆಕ್ಕ ಇದೆ. ಟ್ರೇವಿಯನ್‌ನಲ್ಲಿ ‘ಅಟ್ಯಾಕ್’ ಅಂತ ಕಳಿಸಿದರೆ ಸೋತವನದ್ದು ಪೂರ್ತಿ ಹೋಗುತ್ತದೆ. ಗೆದ್ದವನ ನಷ್ಟ ಹೀಗೆ: ಸೋತವನ ಬಲವನ್ನು ಗೆದ್ದವನ ಬಲದಿಂದ ಭಾಗಿಸಿ, ಬಂದದ್ದಕ್ಕೆ 1.5ರ ಘಾತ ಹಾಕಬೇಕು. 23,000 ಭಾಗಿಸು 23,596, ಅಂದರೆ 0.9747. ಅದರ 1.5ನೇ ಘಾತ 0.962. 300ರಲ್ಲಿ 289 ಹೋಗಿ 11 ಉಳಿಯಬೇಕು. ನಿಮ್ಮ ಸ್ನೇಹಿತನಿಗೆ ಉಳಿದದ್ದು 14. ಆ ಮೂರರ ವ್ಯತ್ಯಾಸಕ್ಕೆ ಕಾರಣ ಹೀರೊನ ಸ್ವಂತ ಬಲ ಮತ್ತು ಪ್ರತಿ ಹಳ್ಳಿಗೂ ಇರುವ ಸ್ವಲ್ಪ ಮೂಲ ರಕ್ಷಣೆ. ಇವನ್ನು ನಾನು ಬಿಟ್ಟಿದ್ದೆ. 14ರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಅವನ ನಿಜವಾದ ರಕ್ಷಣೆ ಸುಮಾರು 23,750 ಇತ್ತು ಅಂತ ತಿಳಿಯುತ್ತದೆ. ಮುಂದಿನ ಲೆಕ್ಕಕ್ಕೆಲ್ಲ ಇದನ್ನೇ ಇಟ್ಟುಕೊಳ್ಳೋಣ. ಅವನು ರಿಪೋರ್ಟ್ ತೋರಿಸಿದ್ದು ನಿಮ್ಮ ಪುಣ್ಯ. ದಾಳಿಗೆ ಹೋದವರು ಒಬ್ಬರೂ ಹಿಂದಿರುಗದಿದ್ದರೆ ಎದುರಿಗೆ ಏನಿತ್ತು ಅನ್ನುವುದನ್ನು ಆಟ ನಿಮಗೆ ಹೇಳುವುದೇ ಇಲ್ಲ.

ಈಗ ಗೋಡೆಯ ಶೇ. 64 ಎಲ್ಲಿಂದ ಬಂತು ನೋಡೋಣ. ಗಾಲ್‌ಗಳ ಪ್ಯಾಲಿಸೇಡ್ ಲೆವೆಲ್‌ಗೆ ಶೇ. 2.5ರಂತೆ ಏರುತ್ತದೆ. 20 ಲೆವೆಲ್‌ಗೆ ಶೇ. 50 ಆಗಬೇಕಿತ್ತಲ್ವಾ? ಆಗುವುದಿಲ್ಲ, ಯಾಕೆಂದರೆ ಇದು ಸರಳ ಬಡ್ಡಿ ಅಲ್ಲ, ಚಕ್ರಬಡ್ಡಿ. ಪ್ರತಿ ಲೆವೆಲ್ಲೂ ಹಿಂದಿನ ಲೆವೆಲ್ ಕೊಟ್ಟದ್ದರ ಮೇಲೆ ಶೇ. 2.5 ಸೇರಿಸುತ್ತದೆ. ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ 1.025ನ್ನು 20 ಸಲ ಗುಣಿಸಿ ನೋಡಿ, 1.6386 ಬರುತ್ತದೆ. ರೋಮನ್ನರ ಗೋಡೆ ಲೆವೆಲ್‌ಗೆ ಶೇ. 3. 20ರಲ್ಲಿ ಅದು 60 ಅಲ್ಲ, 81. ನಿಮ್ಮ ಟ್ಯೂಟನ್ನರ ಮಣ್ಣಿನ ಗೋಡೆ ಶೇ. 2. ಅದು 40 ಅಲ್ಲ, 49. ನಿಮ್ಮ ಗೋಡೆ ಕೊಡುವುದು ಕಡಿಮೆ, ಆದರೆ ಮೂರರಲ್ಲಿ ಒಡೆಯಲು ಹೆಚ್ಚು ಕಷ್ಟವಾದದ್ದು ಅದೇ.

ಎಲ್ಲ ಆಟವೂ ಹೀಗೇ ಇರುವುದಿಲ್ಲ. ಅದಕ್ಕೇ ಒಂದು ಆಟದ ಅಭ್ಯಾಸವನ್ನು ಇನ್ನೊಂದಕ್ಕೆ ಹಾಗೇ ಹೊತ್ತುಕೊಂಡು ಹೋಗಬಾರದು. ಟ್ರೇವಿಯನ್ 2004ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. ಅದಕ್ಕೂ ಎರಡು ವರ್ಷ ಮುಂಚೆ ಅಲ್ಲೇ ಶುರುವಾದ ಓಗೇಮ್‌ನಲ್ಲಿ ಸೇನೆ ಅಂದರೆ ಬಾಹ್ಯಾಕಾಶ ನೌಕೆಗಳು. ಅಲ್ಲಿ ಆಯುಧ ತಂತ್ರಜ್ಞಾನ ಒಂದು ಲೆವೆಲ್ ಏರಿದರೆ ಮೂಲ ಬಲದ ಶೇ. 10 ಸೇರುತ್ತದೆ. ಯಾವಾಗಲೂ ಮೂಲದ್ದೇ. ಲೈಟ್ ಫೈಟರ್‌ನ ಮೂಲ ಬಲ 50. 10ನೇ ಲೆವೆಲ್‌ನಲ್ಲಿ ಸರಿಯಾಗಿ 100. ಚಕ್ರಬಡ್ಡಿಯಾಗಿದ್ದರೆ 129 ದಾಟುತ್ತಿತ್ತು. ಅಲ್ಲಿ ನಿಮ್ಮ ಕೂಡಿಸುವ ಲೆಕ್ಕ ತಪ್ಪುತ್ತಿರಲಿಲ್ಲ. ನೀವು ಈ ಹಿಂದೆ ಅಂಥ ಆಟ ಆಡಿದ್ದರೆ ಕೂಡಿಸುವುದು ಕೈಗೆ ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಹಾಗಾದರೆ ಎಲ್ಲಿ ಕೂಡಿಸಬೇಕು, ಎಲ್ಲಿ ಗುಣಿಸಬೇಕು ಅಂತ ತಿಳಿಯುವುದು ಹೇಗೆ? ನನ್ನ ದಾರಿ ಇದು. ಸೈನ್ಯ ಕಳಿಸುವ ಕಟ್ಟಡವಾದ ರ್ಯಾಲಿ ಪಾಯಿಂಟ್‌ನಲ್ಲಿ ಯುದ್ಧದ ಸಿಮ್ಯುಲೇಟರ್ ಇದೆ. ಒಂದು ಸೈನಿಕನೂ ಸಾಯದೆ ಅಲ್ಲಿ ಪರೀಕ್ಷೆ ಮಾಡಬಹುದು. ಮೊದಲು ಪೇಪರ್ ಮೇಲೆ ಎರಡೂ ಲೆಕ್ಕ ಹಾಕಿ. 1,000 ಫ್ಯಾಲಂಕ್ಸ್, 10ನೇ ಲೆವೆಲ್ ಪ್ಯಾಲಿಸೇಡ್, ಶೇ. 20ರ ಹೀರೊ ಅಂತ ಇಟ್ಟುಕೊಳ್ಳಿ. 10ನೇ ಲೆವೆಲ್‌ಗೆ ಗೋಡೆ ಶೇ. 28. ಕೂಡಿಸಿದರೆ 40,000 ಇದ್ದದ್ದು ಸುಮಾರು 59,200 ಆಗುತ್ತದೆ. ಗುಣಿಸಿದರೆ ಸುಮಾರು 61,400. ಇವೆರಡರ ಮಧ್ಯೆ ಒಂದು ಸಂಖ್ಯೆ ಆರಿಸಿ, 60,000. ಅಂದರೆ 1,500 ಕ್ಲಬ್‌ಸ್ವಿಂಗರ್. ಸಿಮ್ಯುಲೇಟರ್‌ಗೆ ಇಷ್ಟನ್ನೇ ಹಾಕಿ ಬಟನ್ ಒತ್ತಿ. ದಾಳಿ ಗೆದ್ದರೆ ಆಟ ಕೂಡಿಸುತ್ತಿದೆ, ಸೋತರೆ ಗುಣಿಸುತ್ತಿದೆ. ಒಂದೇ ಸಲಕ್ಕೆ ಉತ್ತರ ಸಿಗುತ್ತದೆ. ಹೊಸ ಬೋನಸ್ ಯಾವುದೇ ಬರಲಿ, ಯಾವ ಆಟದಲ್ಲೇ ಬರಲಿ, ಈ ಉಪಾಯ ನಡೆಯುತ್ತದೆ. ನಿಮ್ಮ 23,000 ಕೂಡ 22,080ಕ್ಕೂ 23,596ಕ್ಕೂ ನಡುವೆಯೇ ಬಿದ್ದಿತ್ತು ನೋಡಿ. ಇದೇ ಪರೀಕ್ಷೆಯನ್ನು ನೀವು ನಿಜವಾದ ಸೈನ್ಯ ಇಟ್ಟು ಮಾಡಿದ್ದೀರಿ.

‘ಯಾವುದರ ಮೇಲೆ’ ಅನ್ನುವುದರ ಜೊತೆಗೆ ‘ಯಾರ ಮೇಲೆ’ ಅಂತಲೂ ಕೇಳಬೇಕು. ಗೋಡೆಯ ಬೋನಸ್ ಹಳ್ಳಿಯೊಳಗೆ ನಿಂತ ಎಲ್ಲರಿಗೂ ಸಿಗುತ್ತದೆ, ನೆರವಿಗೆ ಬಂದ ಅಲಯನ್ಸ್ ಸೈನಿಕರಿಗೂ ಸಹ. ಹೀರೊನ ಬೋನಸ್ ಸಿಗುವುದು ಅವನ ಒಡೆಯನ ಸ್ವಂತ ಸೈನ್ಯಕ್ಕೆ ಮಾತ್ರ. ನಿಮ್ಮ ಸ್ನೇಹಿತನ 300 ಫ್ಯಾಲಂಕ್ಸ್ ಜೊತೆಗೆ ಬೇರೆಯವರ 200 ಫ್ಯಾಲಂಕ್ಸ್ ಬಂದು ನಿಂತಿವೆ ಅನ್ನಿ. ಸರಿಯಾದ ಲೆಕ್ಕ ಹೀಗೆ: 12,000ಕ್ಕೆ ಹೀರೊನ ಶೇ. 20 ಸೇರಿ 14,400, ಬೇರೆಯವರದ್ದು 8,000 ಹಾಗೇ, ಒಟ್ಟು 22,400. ಇಷ್ಟಕ್ಕೂ ಗೋಡೆ ಸೇರಿದರೆ ಸುಮಾರು 36,700. ಎಲ್ಲರಿಗೂ ಹೀರೊ ಬೋನಸ್ ಹಾಕಿಬಿಟ್ಟರೆ 39,300 ಬರುತ್ತದೆ. ವ್ಯತ್ಯಾಸ 2,600. ನಿಮ್ಮ 65 ಕ್ಲಬ್‌ಸ್ವಿಂಗರ್‌ಗಳ ಬಲ ಅದು.

ಈ ತಪ್ಪು ನಾನೇ ಮಾಡಿದ್ದೇನೆ. ಆಡಲು ಶುರು ಮಾಡಿದ ಮೊದಲ ವರ್ಷ. ನನ್ನ ಹಳ್ಳಿಯ ಮೇಲೆ ದಾಳಿ ಬರುತ್ತಿತ್ತು, ಅಲಯನ್ಸ್‌ನವರು ಫ್ಯಾಲಂಕ್ಸ್ ಕಳಿಸುತ್ತಲೇ ಇದ್ದರು. ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಎಲ್ಲವನ್ನೂ ಒಟ್ಟು ಮಾಡಿ, ಅಷ್ಟಕ್ಕೂ ನನ್ನ ಹೀರೊನ ಬೋನಸ್ ಸೇರಿಸಿ, ‘ಸಾಕು, ಇನ್ನು ಕಳಿಸಬೇಡಿ’ ಅಂತ ಮೆಸೇಜ್ ಹಾಕಿ ಮಲಗಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ನೋಡಿದರೆ ಹಳ್ಳಿ ಖಾಲಿ. ನನ್ನದಷ್ಟೇ ಹೋಗಿದ್ದರೆ ಬೇಸರ ಆಗುತ್ತಿರಲಿಲ್ಲ. ನನ್ನ ಮಾತು ನಂಬಿದವರ ಸೈನ್ಯವೂ ಹೋಗಿತ್ತು. ಅಂದಿನಿಂದ ಸ್ವಂತ ಸೈನ್ಯಕ್ಕೆ ಒಂದು ಸಾಲು, ನೆರವಿಗೆ ಬಂದದ್ದಕ್ಕೆ ಇನ್ನೊಂದು ಸಾಲು, ಬೇರೆ ಬೇರೆ ಬರೆಯುತ್ತೇನೆ.

ಇನ್ನೊಂದು ಕಡೆ ಜನ ಎಡವುತ್ತಾರೆ. ಗೋಡೆಯನ್ನು, ಅದನ್ನು ಒಡೆಯುವ ಯಂತ್ರಗಳಾದ ರ್ಯಾಮ್‌ಗಳಿಂದ 20ರಿಂದ 10ಕ್ಕೆ ಇಳಿಸಿದಿರಿ ಅನ್ನಿ. ಶೇ. 64 ಇದ್ದ ಬೋನಸ್ ಶೇ. 28 ಆಯಿತು. ರಕ್ಷಣೆ ಶೇ. 36 ಬಿತ್ತು ಅಂತ ಹೇಳುವವರೇ ಜಾಸ್ತಿ. ನಿಜವಾಗಿ ಬಿದ್ದದ್ದು 1.6386ರಿಂದ 1.2801ಕ್ಕೆ, ಅಂದರೆ ಇದ್ದದ್ದರಲ್ಲಿ ಸುಮಾರು ಶೇ. 22. ಅದೇನೂ ಕಡಿಮೆಯಲ್ಲ. ನಿಮ್ಮ ಸ್ನೇಹಿತನ 23,750 ಆಗ 18,550ಕ್ಕೆ ಇಳಿಯುತ್ತದೆ. ಅದೇ 575 ಕ್ಲಬ್‌ಸ್ವಿಂಗರ್‌ಗಳು ಗೆದ್ದು, 160ರಷ್ಟು ಜನ ಮನೆಗೆ ಬರುತ್ತಿದ್ದರು. ಆದರೆ ಶೇ. 36 ಅಂತ ನಂಬಿಕೊಂಡು ಸೈನ್ಯ ಕಡಿಮೆ ಮಾಡಿ ಕಳಿಸಿದ್ದರೆ ಮತ್ತೆ ಸೋಲು.

ಏರಿಕೆ ಇಳಿಕೆ ಒಟ್ಟಿಗೆ ಬಂದಾಗಲೂ ಇದೇ ಕಥೆ. ಟ್ರೇವಿಯನ್‌ನಲ್ಲಿ ದೊಡ್ಡವನು ಚಿಕ್ಕವನ ಮೇಲೆ ಬಿದ್ದರೆ ದೊಡ್ಡವನ ದಾಳಿ ಕುಗ್ಗುತ್ತದೆ. ನಿಮ್ಮ ಅರ್ಧದಷ್ಟು ಜನಸಂಖ್ಯೆ ಇರುವವನ ಮೇಲೆ ಗೆಲ್ಲುವಷ್ಟು ಸೈನ್ಯ ತಗೊಂಡು ಹೋದರೆ ಸುಮಾರು ಶೇ. 13 ಕಡಿತ. ಎಷ್ಟೇ ಚಿಕ್ಕವನಾದರೂ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿತ ಆಗುವುದಿಲ್ಲ. ನಿಮ್ಮ ಹೀರೊ ಶೇ. 20 ದಾಳಿ ಬೋನಸ್ ಕೊಡುತ್ತಾನೆ, ಕಡಿತ ಶೇ. 13, ಇನ್ನೂ ಶೇ. 7 ನನ್ನ ಕಡೆ ಇದೆ ಅಂತ ಅನಿಸುತ್ತದೆ. 1.2ನ್ನು 0.87ರಿಂದ ಗುಣಿಸಿ. 1.044. ಕೈಯಲ್ಲಿ ಉಳಿದದ್ದು ಶೇ. 4 ಚಿಲ್ಲರೆ ಮಾತ್ರ.

ಸ್ಮಿಥಿ ವಿಷಯದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಸೈನಿಕನ ಮೂಲ ಅಂಕಿಯೇ ಏರುತ್ತದೆ. ಪೇಜ್‌ನಲ್ಲಿ ತೋರಿಸುವ ಹೊಸ ಅಂಕಿಯನ್ನು 40ರ ಜಾಗದಲ್ಲಿ ಬರೆದುಕೊಂಡು, ಉಳಿದ ಬೋನಸ್‌ಗಳನ್ನು ಅದರ ಮೇಲೆ ಹಾಕಿ. ಹೀರೊನ ಆಯುಧಗಳೂ ಪರ್ಸೆಂಟ್ ಕೊಡುವುದಿಲ್ಲ, ನೇರ ಅಂಕಿ ಕೊಡುತ್ತವೆ. ಕ್ಲಬ್‌ಸ್ವಿಂಗರ್‌ಗಳ ಆಯುಧದಲ್ಲಿ ಮೊದಲ ದರ್ಜೆಯದ್ದು ತಲೆಗೆ 3 ದಾಳಿ, 3 ರಕ್ಷಣೆ ಸೇರಿಸುತ್ತದೆ. 40ರ ಮೇಲೆ 3 ಅಂದರೆ ಶೇ. 7.5. ಆದರೆ ಕುದುರೆಗಳ ಎದುರು ಅವನ ರಕ್ಷಣೆ ಬರೀ 5. ಅದರ ಮೇಲೆ 3 ಅಂದರೆ ಶೇ. 60! ಅಂಕಿ ಅದೇ ಮೂರು. ಕೇಳಲು ಶೇ. 60 ದೊಡ್ಡದು, ಆದರೆ 5 ಹೋಗಿ 8 ಆದರೆ ಯುದ್ಧ ಏನೂ ಬದಲಾಗುವುದಿಲ್ಲ.

ಇಲ್ಲಿಂದ ನನಗೆ ತುಂಬಾ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಬೋನಸ್ ಹುಡುಕುವ ಮೊದಲು ಅದು ಯಾವ ಅಂಕಿಯ ಮೇಲೆ ಕೂರುತ್ತದೆ ಅಂತ ನೋಡಿ. ಫ್ಯಾಲಂಕ್ಸ್‌ಗೆ ಕಾಲಾಳುಗಳ ಎದುರು 40, ಕುದುರೆಗಳ ಎದುರು 50. ನೀವು ಬರೀ ಕಾಲಾಳು ಕಳಿಸಿದ್ದರಿಂದ 40 ಲೆಕ್ಕಕ್ಕೆ ಬಂತು. ಬರೀ ನಿಮ್ಮ ಕುದುರೆ ಸೈನಿಕರಾದ ಟ್ಯೂಟಾನಿಕ್ ನೈಟ್ ಕಳಿಸಿದ್ದರೆ ಅದೇ 300 ಫ್ಯಾಲಂಕ್ಸ್, ಅದೇ ಗೋಡೆ, ಅದೇ ಹೀರೊ ಸೇರಿ 29,500ಕ್ಕೆ ನಿಲ್ಲುತ್ತಿದ್ದವು. ಎರಡನ್ನೂ ಬೆರೆಸಿ ಕಳಿಸಿದರೆ ಆಟ ಸರಾಸರಿ ತೆಗೆಯುತ್ತದೆ. ಆ ಸರಾಸರಿ ತಲೆ ಎಣಿಸಿ ಅಲ್ಲ, ಬಲ ಎಣಿಸಿ. 300 ಕ್ಲಬ್‌ಸ್ವಿಂಗರ್ ಅಂದರೆ 12,000. ನೈಟ್‌ನ ದಾಳಿ 150, ಹಾಗಾಗಿ 80 ನೈಟ್ ಅಂದರೂ 12,000. ತಲೆಗಳು 300ಕ್ಕೆ 80, ಆದರೆ ಲೆಕ್ಕಕ್ಕೆ ಅರ್ಧ ಅರ್ಧ. ಆಗ ಒಂದು ಫ್ಯಾಲಂಕ್ಸ್‌ನ ರಕ್ಷಣೆ 45. ರಕ್ಷಿಸುವವರ ಕಡೆಯಿಂದ ನೋಡಿದರೆ ಇದು ಇನ್ನೂ ಎದ್ದು ಕಾಣುತ್ತದೆ. ಗಾಲ್‌ಗಳ ಡ್ರೂಯಿಡ್‌ರೈಡರ್‌ಗೆ ಕಾಲಾಳುಗಳ ಎದುರು 115, ಕುದುರೆಗಳ ಎದುರು 55. ಬರುತ್ತಿರುವುದು ಕುದುರೆ ಸೈನ್ಯ ಅಂತ ಗೊತ್ತಿದ್ದೂ ಡ್ರೂಯಿಡ್‌ರೈಡರ್ ನಿಲ್ಲಿಸಿದರೆ ಅರ್ಧಕ್ಕಿಂತ ಜಾಸ್ತಿ ಬಲವನ್ನು ಸುಮ್ನೆ ಬಿಟ್ಟುಕೊಟ್ಟ ಹಾಗೆ. ಹೀರೊನ ಶೇ. 20 ಅದನ್ನು ತುಂಬಿಕೊಡುವುದಿಲ್ಲ.

ಇನ್ನು ಬೋನಸ್‌ನಿಂದ ಎಷ್ಟು ಉಳಿತಾಯ ಆಗುತ್ತದೆ ಅನ್ನುವುದು. ಆ 1.5ರ ಘಾತ ಇದೆಯಲ್ಲ, ಅದು ಗೆಲ್ಲುವವನಿಗೆ ದೊಡ್ಡ ಉಪಕಾರ. 23,750ರ ರಕ್ಷಣೆಯ ಮೇಲೆ 600 ಕ್ಲಬ್‌ಸ್ವಿಂಗರ್ ಕಳಿಸಿದರೆ ಗೆಲುವು ಸಿಗುತ್ತದೆ, ಆದರೆ 590 ಜನ ಸಾಯುತ್ತಾರೆ. 900 ಕಳಿಸಿದರೆ ಸಾಯುವವರು 480ರ ಆಸುಪಾಸು. 1,200 ಕಳಿಸಿದರೆ 420. ಜಾಸ್ತಿ ಕಳಿಸಿದಷ್ಟೂ ಸಾಯುವವರು ಕಡಿಮೆ. (ಎರಡೂ ಕಡೆ ಸೇರಿ 1,000 ದಾಟಿದರೆ ಆ 1.5 ನಿಧಾನವಾಗಿ ಇಳಿಯುತ್ತದೆ. ಇಷ್ಟು ಸಣ್ಣ ಯುದ್ಧದಲ್ಲಿ ಅದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುವುದಿಲ್ಲ.) ಈಗ ಆ 600ರ ಜೊತೆ ಶೇ. 20 ದಾಳಿ ಬೋನಸ್ ಇರುವ ಹೀರೊನನ್ನು ಕಳಿಸಿ. ಬಲ 28,800. ಸಾಯುವವರು 590ರಿಂದ 450ಕ್ಕೆ ಇಳಿಯುತ್ತಾರೆ. ಶೇ. 20 ಬೋನಸ್ ನಷ್ಟವನ್ನು ಶೇ. 24ರಷ್ಟು ತಗ್ಗಿಸಿತು. ಉಳಿದ 140 ಜನ ಅಂದರೆ ಎಷ್ಟು? ಒಬ್ಬ ಕ್ಲಬ್‌ಸ್ವಿಂಗರ್‌ಗೆ 95 ಮರ, 75 ಜೇಡಿ, 40 ಕಬ್ಬಿಣ, 40 ಧಾನ್ಯ, ಒಟ್ಟು 250. 140 ಜನಕ್ಕೆ 35,000. ಒಂದೇ ಯುದ್ಧದಲ್ಲಿ ಅಷ್ಟು ಉಳಿಯಿತು. ಹೀರೊನ ಪಾಯಿಂಟ್‌ಗಳನ್ನು ಎಲ್ಲಿ ಹಾಕಬೇಕು ಅಂತ ಯೋಚಿಸುವಾಗ ಈ ಅಂಕಿ ನೆನಪಿರಲಿ. ಸೈನ್ಯ ಚಿಕ್ಕದಿದ್ದಾಗ ಹೀರೊನ ಸ್ವಂತ ಬಲಕ್ಕೆ ಹಾಕುವುದೇ ಲಾಭ. ಸೈನ್ಯ ಬೆಳೆದ ಮೇಲೆ ಬೋನಸ್‌ಗೆ ಹಾಕಿ, ಯಾಕೆಂದರೆ ಪರ್ಸೆಂಟ್ ಕೂರುವ ಮೂಲ ಅಂಕಿ ಆಗ ದೊಡ್ಡದಾಗಿರುತ್ತದೆ.

ಅಂದ ಹಾಗೆ, ಆ ದಿನ ನೀವು ಅಟ್ಯಾಕ್ ಬದಲು ರೇಡ್ ಅಂತ ಕಳಿಸಿದ್ದರೂ ಸೋಲುತ್ತಿದ್ದಿರಿ, ಆದರೆ 575ರಲ್ಲಿ ಸುಮಾರು 280 ಜನ ವಾಪಸ್ ಬರುತ್ತಿದ್ದರು. ರೇಡ್‌ನಲ್ಲಿ ಎರಡೂ ಕಡೆಯ ನಷ್ಟದ ಶೇಕಡಾ ಸೇರಿ 100 ಆಗುತ್ತದೆ, ಒಬ್ಬರದ್ದೇ ಪೂರ್ತಿ ಹೋಗುವುದಿಲ್ಲ. ಲೆಕ್ಕದ ಮೇಲೆ ಪೂರ್ತಿ ಭರವಸೆ ಇಲ್ಲದ ದಿನ ನಾನು ರೇಡೇ ಕಳಿಸುತ್ತೇನೆ. ಒಬ್ಬ ತಿರುಗಿ ಬಂದರೂ ಎದುರಿಗೆ ಏನಿತ್ತು ಅಂತ ರಿಪೋರ್ಟ್ ಸಿಗುತ್ತದೆ.

ನಿಮ್ಮ ಸ್ನೇಹಿತನ ಹಳ್ಳಿಯಲ್ಲಿ ಈಗ 14 ಫ್ಯಾಲಂಕ್ಸ್ ಮಾತ್ರ ಇವೆ. ಗೋಡೆ, ಹೀರೊ ಎರಡೂ ಸೇರಿದರೂ ಆ 14ರ ರಕ್ಷಣೆ 1,100ರಷ್ಟು. ಹೀರೊನ ಸ್ವಂತ ಬಲ, ಹಳ್ಳಿಯ ಮೂಲ ರಕ್ಷಣೆ ಹಾಕಿದರೂ 1,300 ದಾಟುವುದಿಲ್ಲ. 70 ಕ್ಲಬ್‌ಸ್ವಿಂಗರ್ ಇದ್ದರೆ ಸಾಕು. ಅವನು ಹೊಸ ಸೈನ್ಯ ಕಟ್ಟುವ ಮುಂಚೆ ಒಂದು ಸ್ಕೌಟ್ ಕಳಿಸಿ ನೋಡಿ, ಇವತ್ತೇ.